ಜಾಗತೀಕರಣ ಬಡವರ ಕೈ ಹಿಡಿಯಿತಾ? ಪರ – ವಿರೋಧ

ಪರ: ಹಿಡಿಯಿತು, ಅದಕ್ಕೆ ಲೆಕ್ಕವೂ ಇದೆ

ಜಾಗತೀಕರಣ ಅಂದ ಕೂಡಲೇ ಬಹುರಾಷ್ಟ್ರೀಯ ಕಂಪನಿ, ಷೇರುಪೇಟೆ, ಕೋಟು ಹಾಕಿಕೊಂಡವರ ಶೃಂಗಸಭೆ ಅಂತಲೇ ಮಾತು ಶುರುವಾಗುತ್ತದೆ. ನಾನು ಒಂದು ಲೋಹದ ಪೆಟ್ಟಿಗೆಯಿಂದ ಶುರು ಮಾಡುತ್ತೇನೆ. 1956ರ ಏಪ್ರಿಲ್‌ನಲ್ಲಿ ಮಾಲ್ಕಮ್ ಮೆಕ್ಲೀನ್ ಎಂಬ ಅಮೆರಿಕದ ಲಾರಿ ಮಾಲೀಕ, ಹಳೆಯ ಟ್ಯಾಂಕರ್ ಹಡಗಿನ ಮೇಲೆ 58 ಕಂಟೇನರ್‌ಗಳನ್ನು ಇಟ್ಟು ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದ. ಅಲ್ಲಿಯವರೆಗೆ ಹಡಗಿಗೆ ಸರಕು ತುಂಬುವುದೆಂದರೆ ಹಮಾಲರು ಒಂದೊಂದೇ ಮೂಟೆ, ಒಂದೊಂದೇ ಪೀಪಾಯಿ ಸಾಗಿಸುವ ಕೆಲಸ. ಹಡಗು ದಿನಗಟ್ಟಲೆ ಬಂದರಿನಲ್ಲೇ ನಿಲ್ಲುತ್ತಿತ್ತು. ಅಷ್ಟರಲ್ಲಿ ಒಂದಿಷ್ಟು ಒಡೆದು, ಒಂದಿಷ್ಟು ಕಳವಾಗಿ ಹೋಗುತ್ತಿತ್ತು. ಟನ್ನಿಗೆ 5 ಡಾಲರ್ 86 ಸೆಂಟ್ ಬೀಳುತ್ತಿದ್ದ ಸರಕು ತುಂಬುವ ಖರ್ಚು ಮೆಕ್ಲೀನ್‌ನ ಹಡಗಿನಲ್ಲಿ ಸುಮಾರು 16 ಸೆಂಟ್‌ಗೆ ಇಳಿಯಿತು.

ಬಡವರಿಗೂ ಇದಕ್ಕೂ ಏನು ಸಂಬಂಧ ಅಂತೀರಾ? ಬಡ ದೇಶದ ದೊಡ್ಡ ತೊಂದರೆಯೇ ಇದು: ಅಲ್ಲಿ ದುಡಿಯುವ ಕೈಗಳಿವೆ, ಕೊಳ್ಳುವ ಕೈಗಳಿಲ್ಲ. ಅಕ್ಕಪಕ್ಕದವರ ಜೇಬೂ ಖಾಲಿ ಇರುವಾಗ ಎಷ್ಟು ಚೆನ್ನಾಗಿ ಬಟ್ಟೆ ಹೊಲಿದರೂ ಯಾರಿಗೆ ಮಾರುವುದು? ಸಾಗಣೆ ಅಗ್ಗವಾಗಿ ಸುಂಕವೂ ಇಳಿದಾಗ ಸಾವಿರಾರು ಮೈಲಿ ಆಚೆಯ ಶ್ರೀಮಂತ ಕೂಡ ಗಿರಾಕಿಯಾದ. 1960ರ ದಶಕದ ಆರಂಭದಲ್ಲಿ ದಕ್ಷಿಣ ಕೊರಿಯಾ ಜಗತ್ತಿನ ಕಡು ಬಡ ದೇಶಗಳ ಸಾಲಿನಲ್ಲಿತ್ತು. ಅದು ಪ್ಲೈವುಡ್, ಬಟ್ಟೆ, ವಿಗ್ ಮಾರಿ (ಹೌದು, ತಲೆಗೂದಲಿನ ವಿಗ್!) ಶುರು ಮಾಡಿ ಹಡಗು, ಚಿಪ್ ಮಾರುವ ತನಕ ಬಂತು. ಅದೇ ಜನ, ಅದೇ ಭಾಷೆ ಇರುವ ಉತ್ತರ ಕೊರಿಯಾ ಬಾಗಿಲು ಹಾಕಿಕೊಂಡು ಕೂತಿತು. ಇದಕ್ಕಿಂತ ಸ್ಪಷ್ಟವಾದ ಹೋಲಿಕೆ ಎಲ್ಲಿ ಸಿಗುತ್ತದೆ?

ಇನ್ನು ವಿಶ್ವಬ್ಯಾಂಕಿನ ಲೆಕ್ಕ. 1990ರಲ್ಲಿ ಜಗತ್ತಿನ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಜನ ಕಡು ಬಡತನದಲ್ಲಿದ್ದರು. 2019ರ ಹೊತ್ತಿಗೆ ಅದು ಹತ್ತರಲ್ಲಿ ಒಂದಕ್ಕಿಂತ ಕಡಿಮೆಯಾಯಿತು. ಚೀನಾ ಒಂದರಲ್ಲೇ ನಲವತ್ತು ವರ್ಷಗಳಲ್ಲಿ ಸುಮಾರು 80 ಕೋಟಿ ಜನ ಆ ಗೆರೆ ದಾಟಿದರು. ಎಲ್ಲಾ ವ್ಯಾಪಾರದಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ, ಆದರೆ ವ್ಯಾಪಾರವಿಲ್ಲದೆ ಆಗುತ್ತಿತ್ತು ಅನ್ನುವವರು ಹಾಗೆ ಆದ ಒಂದು ದೇಶವನ್ನಾದರೂ ತೋರಿಸಬೇಕು.

ಕೊನೆಗೆ ಔಷಧದ ಮಾತು. 2000ದ ಸುಮಾರಿಗೆ ಏಡ್ಸ್ ರೋಗಿಯೊಬ್ಬರಿಗೆ ಮೂರು ಔಷಧಗಳ ಚಿಕಿತ್ಸೆಗೆ ವರ್ಷಕ್ಕೆ 10,000 ಡಾಲರ್‌ಗೂ ಮೇಲೆ ಬೀಳುತ್ತಿತ್ತು. ಆಫ್ರಿಕಾದಲ್ಲಿ ಯಾರ ಕೈಗೂ ಎಟುಕದ ಬೆಲೆ ಅದು. 2001ರಲ್ಲಿ ಭಾರತದ ಸಿಪ್ಲಾ ಕಂಪನಿ ಅದೇ ಚಿಕಿತ್ಸೆಯ ಮಾತ್ರೆಗಳನ್ನು ಗಡಿಗಳಿಲ್ಲದ ವೈದ್ಯರ ಸಂಸ್ಥೆಗೆ ವರ್ಷಕ್ಕೆ 350 ಡಾಲರ್‌ಗೆ ಕೊಡುತ್ತೇನೆ ಅಂದಿತು. ಒಂದು ಖಂಡದಲ್ಲಿ ತಯಾರಾಗಿ ಇನ್ನೊಂದು ಖಂಡದ ರೋಗಿಯನ್ನು ಉಳಿಸುವ ಮಾತ್ರೆ ಕೂಡ ಜಾಗತೀಕರಣವೇ, ಅಲ್ವಾ?

ವಿರೋಧ: ಸರಕಿನ ಕೈ ಹಿಡಿಯಿತು, ಜನರದ್ದಲ್ಲ

ಆ ಮಾತ್ರೆಯ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿದ್ದಾರೆ. ಸಿಪ್ಲಾ ಅದನ್ನು ತಯಾರಿಸಲು ಆಗಿದ್ದೇ ಭಾರತದ 1970ರ ಪೇಟೆಂಟ್ ಕಾಯ್ದೆಯಿಂದ. ಆ ಕಾಯ್ದೆಯಲ್ಲಿ ಔಷಧ ತಯಾರಿಸುವ ವಿಧಾನಕ್ಕೆ ಪೇಟೆಂಟ್ ಇತ್ತು, ಔಷಧಕ್ಕೆ ಇರಲಿಲ್ಲ. ಹಾಗಾಗಿ ಬೇರೆ ವಿಧಾನದಲ್ಲಿ ಅದೇ ಔಷಧ ಮಾಡಿದರೆ ಯಾರೂ ಕೇಳುವಂತಿರಲಿಲ್ಲ. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಬಂತು, ಅದರ ಜೊತೆ ಪೇಟೆಂಟ್‌ನಂಥ ಬೌದ್ಧಿಕ ಆಸ್ತಿ ಹಕ್ಕುಗಳ ಟ್ರಿಪ್ಸ್ ಒಪ್ಪಂದವೂ ಬಂತು. ತೀರಾ ಹಿಂದುಳಿದ ದೇಶಗಳನ್ನು ಬಿಟ್ಟು ಉಳಿದ ಸದಸ್ಯ ದೇಶಗಳೆಲ್ಲ ಔಷಧಕ್ಕೂ 20 ವರ್ಷದ ಪೇಟೆಂಟ್ ಕೊಡಬೇಕಾಯಿತು. ಭಾರತಕ್ಕೆ 2005ರವರೆಗೆ ಗಡುವು ಸಿಕ್ಕಿತ್ತು, ಆ ಸಂದಿನಲ್ಲೇ ಅಗ್ಗದ ಮಾತ್ರೆ ನುಸುಳಿತು. ಇತ್ತ ದಕ್ಷಿಣ ಆಫ್ರಿಕಾ ಸರ್ಕಾರ ಅಗ್ಗದ ಔಷಧ ತರಿಸಿಕೊಳ್ಳಲು ಕಾನೂನು ಮಾಡಿದರೆ 39 ಔಷಧ ಕಂಪನಿಗಳು ಕೋರ್ಟಿಗೆ ಹೋದವು. ಜಗತ್ತೆಲ್ಲ ಛೀಮಾರಿ ಹಾಕಿದ ಮೇಲೆ 2001ರ ಏಪ್ರಿಲ್‌ನಲ್ಲಿ ಕೇಸು ವಾಪಸ್ ತಗೊಂಡವು.

ದಕ್ಷಿಣ ಕೊರಿಯಾದ ಉದಾಹರಣೆಯೂ ಅಷ್ಟೇ. ಅದು ಮಾರಲು ಹೊರಗೆ ಹೋಯಿತು ನಿಜ, ಆದರೆ ತನ್ನ ಬಾಗಿಲನ್ನು ಸುಮ್ನೆ ತೆರೆದಿಡಲಿಲ್ಲ. ಬ್ಯಾಂಕುಗಳನ್ನು ಸರ್ಕಾರ ಕೈಯಲ್ಲಿಟ್ಟುಕೊಂಡು, ಯಾವ ಉದ್ಯಮಕ್ಕೆ ಸಾಲ ಹೋಗಬೇಕು ಅಂತ ತಾನೇ ಹೇಳುತ್ತಿತ್ತು. ವಿದೇಶಿ ಕಾರುಗಳನ್ನು 1987ರವರೆಗೂ ಒಳಗೆ ಬಿಟ್ಟಿರಲಿಲ್ಲ. ಚೀನಾ ಇವತ್ತಿಗೂ ಬಂಡವಾಳದ ಓಡಾಟಕ್ಕೆ ಕಡಿವಾಣ ಹಾಕಿಕೊಂಡೇ ಇದೆ. ಗೆದ್ದವರು ತಮ್ಮ ಷರತ್ತಿನ ಮೇಲೆ ಬಾಗಿಲು ತೆರೆದರು. ಆ ಷರತ್ತುಗಳಲ್ಲಿ ಎಷ್ಟೋ ಈಗ ವ್ಯಾಪಾರ ಒಪ್ಪಂದಗಳ ಪ್ರಕಾರ ತಪ್ಪು. ಹತ್ತಿದ ಮೇಲೆ ಏಣಿ ಒದ್ದ ಹಾಗೆ.

ಹಣದ ವಿಷಯ ಜಾಸ್ತಿ ಎಳೆಯುವುದಿಲ್ಲ. 1997ರ ಜುಲೈನಲ್ಲಿ ಥಾಯ್ಲೆಂಡಿನ ಕರೆನ್ಸಿ ಬಾತ್‌ನ ಬೆಲೆ ಬಿದ್ದಾಗ ಹೊರಗಿನ ಹಣ ಬಂದಷ್ಟೇ ಬೇಗ ಓಡಿಹೋಯಿತು. ಇಂಡೋನೇಷ್ಯಾ, ದಕ್ಷಿಣ ಕೊರಿಯಾ ಕೂಡ ಅದರ ಜೊತೆ ಕುಸಿದವು. ಕೆಲಸ ಹೋಗಿದ್ದು ಸಾಲ ತಂದವರದ್ದಲ್ಲ.

ನಿಲ್ಲಬೇಕಾದ ಜಾಗ ರಾಣಾ ಪ್ಲಾಜಾ. ಬಾಂಗ್ಲಾದೇಶದ ಢಾಕಾ ಹತ್ತಿರದ ಸಾವರ್‌ನಲ್ಲಿ ಎಂಟು ಮಹಡಿಯ ಕಟ್ಟಡ. ಅದರ ಮೇಲಿನ ಮಹಡಿಗಳನ್ನು ಅನುಮತಿ ಇಲ್ಲದೆ ಎಬ್ಬಿಸಿದ್ದರು. ಕೆಳಗೆ ಅಂಗಡಿ ಮತ್ತು ಬ್ಯಾಂಕ್, ಮೇಲೆ ಗಾರ್ಮೆಂಟ್ ಕಾರ್ಖಾನೆಗಳು, ಅಲ್ಲೇ ಭಾರಿ ಜನರೇಟರ್‌ಗಳು. 2013ರ ಏಪ್ರಿಲ್ 23ರಂದು ಕಂಬ, ಗೋಡೆಗಳಲ್ಲಿ ಬಿರುಕು ಕಂಡಿತು. ಬ್ಯಾಂಕಿನವರು ತಮ್ಮ ಸಿಬ್ಬಂದಿಯನ್ನು ಮನೆಗೆ ಕಳಿಸಿದರು. ಬಟ್ಟೆ ಹೊಲಿಯುವವರಿಗೆ ಮಾತ್ರ ಮರುದಿನ ಕೆಲಸಕ್ಕೆ ಬನ್ನಿ ಅಂದರು. ಬೆಳಿಗ್ಗೆ ಕರೆಂಟ್ ಹೋಯಿತು, ಜನರೇಟರ್ ಹಾಕಿದರು, ಕಟ್ಟಡ ಕುಸಿಯಿತು. 1,100ಕ್ಕೂ ಹೆಚ್ಚು ಜನ ಸತ್ತರು. ಆಗ ಅಲ್ಲಿ ಗಾರ್ಮೆಂಟ್ ಕೆಲಸದ ಕನಿಷ್ಠ ಸಂಬಳ ತಿಂಗಳಿಗೆ 3,000 ಟಾಕಾ, ಅಂದರೆ ಸುಮಾರು 38 ಡಾಲರ್. ಯೂರೋಪ್, ಅಮೆರಿಕದ ದೊಡ್ಡ ಬ್ರ್ಯಾಂಡ್‌ಗಳ ಲೇಬಲ್‌ಗಳು ಅವಶೇಷದಲ್ಲಿ ಸಿಕ್ಕವು, ಆದರೆ ಆ ಕಾರ್ಖಾನೆ ಅವರದ್ದಲ್ಲ, ಗುತ್ತಿಗೆ ಪಡೆದ ಯಾರದ್ದೋ.

ಇದು ಆ ದೇಶದ ಕೆಟ್ಟ ಆಡಳಿತದ ತಪ್ಪು, ವ್ಯಾಪಾರದ್ದಲ್ಲ ಅನ್ನುತ್ತಾರೆ. ಆಡಳಿತದ ತಪ್ಪು ಇದ್ದೇ ಇದೆ. ಆದರೆ ಔಷಧದ ಪೇಟೆಂಟ್ ವಿಷಯ ಬಂದಾಗ ಅದು ಆಯಾ ದೇಶದ ಆಂತರಿಕ ವಿಚಾರ ಅಂತ ಯಾರೂ ಬಿಡಲಿಲ್ಲವಲ್ಲ! ಪೇಟೆಂಟ್ ನಿಯಮ ಮುರಿದರೆ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದೂರು ಕೊಡಬಹುದು, ಸೋತ ದೇಶ ತಿದ್ದಿಕೊಳ್ಳದಿದ್ದರೆ ಗೆದ್ದ ದೇಶ ಅದರ ಸರಕಿನ ಮೇಲೆ ಸುಂಕ ಏರಿಸಬಹುದು. ಕಾರ್ಮಿಕರ ಹಕ್ಕುಗಳಿಗೂ ಅಂಥ ಹಲ್ಲು ಬೇಕು ಅನ್ನುವ ಮಾತು 1996ರಲ್ಲಿ ಸಿಂಗಾಪುರದಲ್ಲಿ ನಡೆದ ಅದೇ ಸಂಸ್ಥೆಯ ಸಚಿವರ ಸಭೆಯಲ್ಲಿ ಬಂದಿತ್ತು. ಅದೆಲ್ಲ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ನೋಡಿಕೊಳ್ಳಲಿ ಅಂತ ಅಲ್ಲಿ ತೀರ್ಮಾನವಾಯಿತು. ಬಡ ದೇಶಗಳ ಸರ್ಕಾರಗಳೇ ಅದಕ್ಕೆ ಒತ್ತಾಯಿಸಿದ್ದವು, ತಮ್ಮ ಅಗ್ಗದ ಕೂಲಿಯ ಅನುಕೂಲ ಕೈತಪ್ಪುತ್ತದೆ ಅಂತ. ಕಾರ್ಮಿಕ ಸಂಸ್ಥೆಗೆ ಸುಂಕ ಹಾಕಿಸುವ ಅಧಿಕಾರವಿಲ್ಲ. ಅದು ವರದಿ ಬರೆಯಬಹುದು, ಬುದ್ಧಿ ಹೇಳಬಹುದು.