ಓರಿಯೆಂಟಿಯರಿಂಗ್ ಬಗ್ಗೆ ನನ್ನ ಮೆಸೇಜ್ ತಪ್ಪಾಗಿತ್ತು

ಬೀದರ್ ಗೆಳೆಯರೇ, ಓರಿಯೆಂಟಿಯರಿಂಗ್ (ನಕ್ಷೆ ನೋಡಿ ದಾರಿ ಹುಡುಕುತ್ತಾ ಓಡುವ ಆಟ) ಬಗ್ಗೆ ಕಳೆದ ವಾರ ನಾನು ಹಾಕಿದ ಮೆಸೇಜ್ ಈಗ ಭಾಲ್ಕಿ, ಹುಮನಾಬಾದ್ ಗ್ರೂಪ್‌ಗಳಲ್ಲೂ ಓಡಾಡುತ್ತಿದೆ. ‘ಓರಿಯೆಂಟಿಯರಿಂಗ್ ಒಲಿಂಪಿಕ್ಸ್ ಆಟ. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಸ್ವಯಂಸೇವಕರು ಓಟಗಾರರಿಗೆ ದಾರಿ ತೋರಿಸುತ್ತಾರೆ’ ಎಂದು ಬರೆದಿದ್ದೆ. ಎರಡೂ ತಪ್ಪು.

ಒಲಿಂಪಿಕ್ ಸಮಿತಿ 1977ರಲ್ಲಿ ಈ ಆಟಕ್ಕೆ ಮಾನ್ಯತೆ ಕೊಟ್ಟಿದೆ, ಒಲಿಂಪಿಕ್ಸ್‌ಗೆ ಸೇರಿಸಿಲ್ಲ. 2001ರಿಂದ ಇದು ವರ್ಲ್ಡ್ ಗೇಮ್ಸ್‌ನಲ್ಲಿದೆ; ಅದು ಹೆಚ್ಚಾಗಿ ಒಲಿಂಪಿಕ್ಸ್‌ನಲ್ಲಿಲ್ಲದ ಆಟಗಳ ಅಂತರರಾಷ್ಟ್ರೀಯ ಕ್ರೀಡಾಕೂಟ.

ದಾರಿಯ ಮಾತು ಇನ್ನೂ ಮುಖ್ಯ. ನಕ್ಷೆ, ದಿಕ್ಸೂಚಿ ಹಿಡಿದು ತಾವೇ ದಾರಿ ಹುಡುಕುವುದೇ ಆಟ, ಅಲ್ವಾ? ಅಂತರರಾಷ್ಟ್ರೀಯ ಓರಿಯೆಂಟಿಯರಿಂಗ್ ಫೆಡರೇಷನ್ ನಿಯಮದಲ್ಲಿ ಹೊರಗಿನವರ ನೆರವಿಗೆ ಅವಕಾಶವಿಲ್ಲ. ಸ್ವಯಂಸೇವಕರು ಓಟಗಾರರು ಹುಡುಕಬೇಕಾದ ಕಿತ್ತಳೆ-ಬಿಳಿ ಗುರುತುಗಳನ್ನು ನಕ್ಷೆಯಲ್ಲಿರುವ ಜಾಗದಲ್ಲೇ ಇಡುತ್ತಾರೆ, ನೀರು ಕೊಡುತ್ತಾರೆ, ಎಲ್ಲರೂ ವಾಪಸ್ ಬಂದರಾ ಎಂದು ನೋಡುತ್ತಾರೆ. ಗಾಯವಾದವರಿಗೆ ಮಾತ್ರ ಓಟಗಾರರೂ ಸೇರಿ ಎಲ್ಲರೂ ನೆರವಾಗಬೇಕು.

ಹಳೆಯ ಮೆಸೇಜ್ ದಯವಿಟ್ಟು ಮುಂದೆ ಕಳಿಸಬೇಡಿ. ಕಳಿಸಿದ್ದರೆ ಇದನ್ನೂ ಅಲ್ಲೇ ಹಾಕಿ.