ಎರಡೂವರೆ ಸುತ್ತಿನ ಪೆನ್ನು

ಮಾವನವರ ಪೆನ್ನು ತೊಳೆಯಿರಿ ಅಂತ ನನಗೆ ಯಾರೂ ಹೇಳಿರಲಿಲ್ಲ. ಇದನ್ನು ನಾನೇ ಮೊದಲು ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ ನನ್ನ ಹೆಂಡತಿ ಹೇಳುತ್ತಾಳೆ.

ಮಾವನವರು ತಿಪಟೂರಿನ ಕಡೆ ಹೆಡ್ ಮೇಷ್ಟ್ರಾಗಿದ್ದವರು. ಅವರ ಜೇಬಿನಲ್ಲಿ ಯಾವಾಗಲೂ ಒಂದು ದಪ್ಪನೆಯ ಕಪ್ಪು ಇಂಕ್ ಪೆನ್ನು. ಮೂವತ್ತು ವರ್ಷದ ಮಾರ್ಕ್ಸ್ ಕಾರ್ಡುಗಳಿಗೆ ಸಹಿ ಹಾಕಿದ್ದು ಅದೇ. ಮೈಮೇಲಿನ ಕಂಪನಿ ಹೆಸರು ಸವೆದು ಹೋಗಿ ಎಷ್ಟೋ ಕಾಲವಾಗಿತ್ತು. ಕಳೆದ ಸಲ ಬಂದವರು ಅದನ್ನು ನಮ್ಮ ಮನೆಯಲ್ಲೇ ಮರೆತು ಹೋದರು. "ಇರಲಿ ಬಿಡಿ, ಗೌರಿ ಹಬ್ಬಕ್ಕೆ ಬಾಗಿನ ಕೊಡೋಕೆ ಬರ್ತೀನಲ್ಲ, ಆಗ ತಗೋತೀನಿ" ಅಂತ ಫೋನಿನಲ್ಲಿ ಹೇಳಿದರು.

ಒಳಗೆ ಹಳೆ ಶಾಯಿ ಒಣಗಿ ಗಟ್ಟಿಯಾಗಿತ್ತು. ಅಳಿಯನಾದವನು ಇಷ್ಟಾದರೂ ಮಾಡಬಾರದೇ ಅಂತ ಸ್ಟೀಲ್ ಲೋಟದಲ್ಲಿ ಕುದಿಯುವ ನೀರು ಹಾಕಿ, ಪೆನ್ನನ್ನು ಮುಳುಗಿಸಿ, ಬಾಲ್ಕನಿಯ ಬಿಸಿಲಿನಲ್ಲಿಟ್ಟೆ. ಸಂಜೆ ನೋಡಿದರೆ ಡಿಕಾಕ್ಷನ್ನಿಗೆ ಹಾಲು ಬಿದ್ದ ಹಾಗೆ, ಕಪ್ಪು ಪೆನ್ನು ಕಂದು ಬಣ್ಣಕ್ಕೆ ತಿರುಗಿ ಕೂತಿತ್ತು.

ಅದು ಎಬೊನೈಟ್ ಪೆನ್ನು ಅಂತ ಆಮೇಲೆ ಗೊತ್ತಾಯಿತು. ರಬ್ಬರಿಗೆ ಗಂಧಕವನ್ನು ಧಾರಾಳವಾಗಿ ಸೇರಿಸಿ ಗಂಟೆಗಟ್ಟಲೆ ಬೇಯಿಸಿದರೆ ಮರದಂತೆ ಗಟ್ಟಿಯಾದ ಎಬೊನೈಟ್ ಆಗುತ್ತದೆ. ಬಿಸಿನೀರು ಮತ್ತು ಬಿಸಿಲು, ಇವೆರಡೇ ಅದಕ್ಕೆ ಆಗದ ವಸ್ತುಗಳು. ನಾನು ಎರಡನ್ನೂ ಒಟ್ಟಿಗೇ ಕೊಟ್ಟಿದ್ದೆ.

ಹಬ್ಬಕ್ಕೆ ಇನ್ನೂ ಮೂರು ವಾರ ಇತ್ತು. ಅದೇ ಥರದ್ದು ಇನ್ನೊಂದು ಮಾಡಿಬಿಡೋಣ ಅಂತ ತೀರ್ಮಾನಿಸಿದೆ. ಹೆಂಡತಿ ಕೇಳಿದಳು, "ಅಪ್ಪನಿಗೆ ನಿಜ ಹೇಳೋದು ಸುಲಭ ಅಲ್ವಾ?" ನಾನು ರಾಜಮಂಡ್ರಿಯ ಉದಾಹರಣೆ ಕೊಟ್ಟೆ. ಅಲ್ಲಿ ರತ್ನಂ ಅನ್ನುವವರು ಸ್ವದೇಶಿ ಪೆನ್ನು ಮಾಡಿ ಗಾಂಧೀಜಿಗೆ ಕಳಿಸಿದ್ದರು, 1935ರಲ್ಲಿ ಗಾಂಧೀಜಿ ಮೆಚ್ಚಿ ಪತ್ರ ಬರೆದಿದ್ದರು. ಆ ಕಾಲದಲ್ಲೇ ಅವರಿಗೆ ಆಯಿತು ಅಂದಮೇಲೆ ಯೂಟ್ಯೂಬ್ ಇರುವ ನನಗೆ ಆಗಲ್ವಾ? ಅವಳು ಏನೂ ಹೇಳದೆ ಒಳಗೆ ಹೋದಳು. ಅದು ಒಪ್ಪಿಗೆ ಅಂದುಕೊಂಡೆ.

ಎಬೊನೈಟ್ ರಾಡು ಆನ್‌ಲೈನಿನಲ್ಲಿ ತರಿಸಿದೆ. ರಾಡನ್ನು ತಿರುಗಿಸಿ ಕಡೆಯುವ ಲೇತ್ ಮಷಿನ್ ಎಲ್ಲಿಂದ ತರೋದು? ಗೋಡೆಗೆ ಮೊಳೆ ಹೊಡೆಯಲು ಇಟ್ಟಿದ್ದ ಡ್ರಿಲ್ ಮಷಿನ್ನನ್ನು ಬಾಲ್ಕನಿಯ ಸ್ಟೂಲಿಗೆ ಹಗ್ಗದಿಂದ ಬಿಗಿದು, ಅದರ ಬಾಯಿಗೆ ರಾಡು ಕಚ್ಚಿಸಿ, ಉಳಿ ಹಿಡಿದೆ. ಕಪ್ಪು ಶಾವಿಗೆ ಎಳೆಎಳೆಯಾಗಿ ಸುರುಳಿ ಸುತ್ತಿಕೊಂಡು ಬರತೊಡಗಿತು. ನೋಡಲು ಭಾರಿ ಚೆಂದ. ಆದರೆ ಬಿಸಿಯಾದ ಎಬೊನೈಟ್ ಬಿಡುವುದು ಗಂಧಕದ ವಾಸನೆ. ಮೊದಲು ಕೆಳಗಿನ ಮನೆಯವರು ಗ್ಯಾಸ್ ಸಿಲಿಂಡರ್ ಆಫ್ ಮಾಡಿದರು. ಆಮೇಲೆ ಪಕ್ಕದ ಮನೆಯವರು ಚರಂಡಿ ಕಟ್ಟಿಕೊಂಡಿದೆಯಾ ಅಂತ ಬಗ್ಗಿ ನೋಡಿದರು. ಮರುದಿನ ಕೆಲಸದವಳು ಗುಡಿಸುತ್ತಾ ಮೊರದ ತುಂಬ ಕಪ್ಪು ಗುಂಗುರು ಎತ್ತಿ, ನನ್ನ ಹೆಂಡತಿಯ ತಲೆಯನ್ನೇ ನೋಡುತ್ತಾ, "ಏನಕ್ಕಾ, ಇಷ್ಟೊಂದು ಉದುರ್ತಾ ಇದೆ?" ಅಂದಳು.

ರಾಡಿನ ಒಳಗೆ ಉದ್ದಕ್ಕೂ ತೂತು ಕೊರೆಯಬೇಕಲ್ಲ, ಅಲ್ಲಿ ನಾನು ಕೆಟ್ಟೆ. ಡ್ರಿಲ್ಲಿನ ಮೊನೆ ನೇರ ಹೋಗುತ್ತಿದೆ ಅಂತಲೇ ನಂಬಿದ್ದೆ. ಅರ್ಧ ದಾರಿಯಲ್ಲಿ ಅದಕ್ಕೆ ಬೇಸರವಾಗಿ ಪಕ್ಕದಿಂದ ಹೊರಗೆ ಬಂತು. ಎರಡನೆಯದರಲ್ಲಿ ಎರಡು ಕಡೆ ಬಂತು. ಮಗ ಅದನ್ನು ಎತ್ತಿಕೊಂಡು ಊದಿ ನೋಡಿ, "ಅಪ್ಪಾ, ಸಾ ಬರ್ತಿದೆ, ರಿ ಬರ್ತಿಲ್ಲ" ಅಂದ.

ಮೂರನೇ ರಾಡು ಹಿಡಿದುಕೊಂಡು ಪೀಣ್ಯಕ್ಕೆ ಹೋದೆ. ಅಲ್ಲೊಂದು ಸಣ್ಣ ಲೇತ್ ಶಾಪಿನ ಟರ್ನರ್ ಅಣ್ಣ ಟೀ ಮುಗಿಯುವಷ್ಟರಲ್ಲಿ ನೆಟ್ಟಗೆ ತೂತು ಕೊರೆದುಕೊಟ್ಟರು. ಕ್ಯಾಪಿಗೆ ತ್ರೆಡ್ ಹಾಕುವಾಗ ಮಾವನವರ ಪೆನ್ನನ್ನು ಬೆಳಕಿಗೆ ಹಿಡಿದು ನೋಡಿ, "ಸಾರ್, ಇದು ಮೂರು ಎಳೆ ತ್ರೆಡ್ಡು. ಮೂರೂ ಒಟ್ಟಿಗೆ ಸುತ್ಕೊಂಡು ಹೋಗ್ತವೆ, ಅದಕ್ಕೆ ಬೇಗ ಬಿಚ್ಚುತ್ತೆ. ನಮ್ಮ ಹತ್ರ ಅದನ್ನ ಕೊರೆಯೋ ಟೂಲ್ ಇಲ್ಲ, ಒಂದೆಳೆದು ಹಾಕ್ತೀನಿ, ಟೈಟಾಗಿ ಕೂರುತ್ತೆ" ಅಂದರು. ಟೈಟಾಗಿ ಕೂತರೆ ಒಳ್ಳೆಯದೇ ಅಲ್ವಾ ಅಂತ ತಲೆಯಾಡಿಸಿದೆ.

ನಿಬ್ಬನ್ನೂ ಅದರ ಕೆಳಗಿನ ನಾಲಿಗೆಯನ್ನೂ ರೆಡಿಮೇಡ್ ತಂದೆ. ಅದರಲ್ಲಿ ಶಾಯಿ ಹರಿಯುವ ಕೂದಲೆಳೆಯಷ್ಟು ಸಣ್ಣ ಕಾಲುವೆಯನ್ನು ನಾನೇ ಕೊರೆದೆ ಅಂತ ಸುಳ್ಳು ಹೇಳುವುದಿಲ್ಲ. ಉಜ್ಜಿ ಪಾಲಿಶ್ ಮಾಡಿ ಎರಡನ್ನೂ ಪಕ್ಕಪಕ್ಕ ಇಟ್ಟರೆ, ಬಣ್ಣ ಒಂದು ಬಿಟ್ಟು, ಥೇಟ್ ಅವಳಿ.

ಫಿಲ್ಲರಿನಲ್ಲಿ ಶಾಯಿ ತುಂಬಿಸಿದೆ. ಎರಡು ದಿನ ಚೆನ್ನಾಗಿ ಬರೆಯಿತು. ಮೂರನೇ ದಿನ ಸಾಮಾನಿನ ಚೀಟಿಯಲ್ಲಿ "ಸಾಸಿವೆ 100" ಅಂತ ಬರೆದೆನೋ ಇಲ್ಲವೋ, ಪಕ್ಕದಲ್ಲೇ ತೊಟಕ್ ಅಂತ ಒಂದು ಹನಿ ಬಿತ್ತು. ಒರೆಸಿ "ಗ್ರಾಂ" ಸೇರಿಸಿದೆ. ಒರೆಸಿದ ಕಲೆಯನ್ನು ಅಂಗಡಿಯವರು ಸೊನ್ನೆ ಅಂತ ಓದಿಕೊಂಡು ಒಂದು ಕೆಜಿ ಸಾಸಿವೆ ಕಳಿಸಿದರು. ಮುಂದಿನ ಯುಗಾದಿಯವರೆಗೆ ನಮ್ಮ ಮನೆಯಲ್ಲಿ ಒಗ್ಗರಣೆಗೆ ಬರವಿಲ್ಲ.

ತ್ರೆಡ್ಡಿನಲ್ಲಿ ಸೋರುತ್ತಿದೆ ಅಂದುಕೊಂಡು, ಪ್ಲಂಬರುಗಳು ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಪೆನ್ನಿನ ಕುತ್ತಿಗೆಗೆ ಸುತ್ತಿದೆ. ಅಸಲಿಗೆ ಸಮಸ್ಯೆ ಅದಲ್ಲ. ಇಂಥ ಪೆನ್ನಿನಲ್ಲಿ ಶಾಯಿ ಕಡಿಮೆಯಾದಾಗ ಒಳಗೆ ಗಾಳಿ ಜಾಸ್ತಿಯಾಗುತ್ತದೆ. ಕೈಯ ಬಿಸಿಗೆ ಆ ಗಾಳಿ ಹಿಗ್ಗಿ ಶಾಯಿಯನ್ನು ಹೊರಗೆ ತಳ್ಳುತ್ತದೆ. ಪೆನ್ನು ತೇಗುತ್ತದೆ ಅನ್ನಿ. ತುಂಬಿದ ಹೊಟ್ಟೆಗೆ ತೇಗದೆ ಖಾಲಿ ಹೊಟ್ಟೆಗೆ ತೇಗುವುದೊಂದೇ ವ್ಯತ್ಯಾಸ. ಇದು ನನಗೆ ಗೊತ್ತಾಗಿದ್ದು ಹಬ್ಬ ಮುಗಿದ ಮೇಲೆ.

ಹಬ್ಬದ ದಿನ ಮಾವನವರು ಹೊಸ ಪೆನ್ನನ್ನು ತೆಗೆದುಕೊಂಡು ಸುಮ್ನೆ ಜೇಬಿಗೆ ಸಿಕ್ಕಿಸಿಕೊಂಡರು. ನಾನು ಗೆದ್ದೆ ಅಂದುಕೊಂಡೆ. ಸಂಜೆ ಗಣೇಶನ ಚಂದಾ ಹುಡುಗರು ಬಂದರು. "ಕೊಡಿ, ನಾನೇ ಬರೀತೀನಿ" ಅಂತ ಮಾವನವರು ಚಂದಾ ಪುಸ್ತಕ ಇಸಕೊಂಡು ಕ್ಯಾಪು ತಿರುಗಿಸಿದರು. ಒಂದು ಸುತ್ತು, ಎರಡು, ಮೂರು. ಪೆನ್ನನ್ನೊಮ್ಮೆ ನೋಡಿದರು. ನಾಲ್ಕು, ಐದು. ನನ್ನನ್ನು ನೋಡಿದರು. ಹುಡುಗರು ಕಾಲು ಬದಲಾಯಿಸಿ ನಿಂತರು. ಎಂಟನೇ ಸುತ್ತಿಗೆ ಕ್ಯಾಪು ಬಂತು. ನನ್ನ ಹೆಸರು ಬರೆದು 101 ಅಂತ ಹಾಕಿದರು. ಪೆನ್ನು ತೇಗಿತು.

"ಸಾವಿರದ ಹತ್ತು! ಥ್ಯಾಂಕ್ಸ್ ತಾತಾ!" ಅಂತ ಹುಡುಗರು ಕುಣಿದರು. ಹಬ್ಬದ ದಿನ ಮಕ್ಕಳ ಜೊತೆ ಸೊನ್ನೆಯ ಬಗ್ಗೆ ವಾದ ಮಾಡಲು ಆಗುತ್ತದೆಯೇ? ಮಿಕ್ಕ 909 ರೂಪಾಯಿ ನಾನೇ ಕೊಟ್ಟೆ.

"ಅಳಿಯಂದ್ರೇ, ನನ್ನ ಪೆನ್ನು ಎರಡೂವರೆ ಸುತ್ತಿಗೆ ಬಿಚ್ಚುತ್ತೆ" ಅಂದರು ಮಾವನವರು.

ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದ್ದ ಕಂದು ಪೆನ್ನನ್ನು ತಂದು ಅವರ ಮುಂದಿಟ್ಟೆ. ಬೈಗುಳಕ್ಕೆ ಕಾದೆ. ಅವರು ಹಲ್ಲುಪುಡಿ ಮತ್ತು ಒಂದು ಹಳೆ ಬನಿಯನ್ ಚೂರು ಕೇಳಿದರು. ಬಟ್ಟೆ ಒದ್ದೆ ಮಾಡಿ, ಪುಡಿ ಅದ್ದಿಕೊಂಡು, ಊರಿನ ಸಮಾಚಾರ ಹೇಳುತ್ತಾ ಉಜ್ಜಿದರು. ಅರ್ಧ ಗಂಟೆಯಲ್ಲಿ ಕಂದು ಬಣ್ಣವೆಲ್ಲ ಬನಿಯನ್ನಿಗೆ ಬಂತು, ಪೆನ್ನು ಮತ್ತೆ ಕಪ್ಪಗೆ ಮಿಂಚಿತು. "ಮೇಲ್ಮೇಲೆ ಅಷ್ಟೇ ತಿರುಗೋದು. ನಾಲ್ಕೈದು ವರ್ಷಕ್ಕೊಂದ್ಸಲ ಹಿಂಗೆ ಉಜ್ಜಿಕೋತೀನಿ."

ಆಮೇಲೆ ನನ್ನ ಪೆನ್ನನ್ನು ಎತ್ತಿಕೊಂಡು ಕುತ್ತಿಗೆ ಬಿಚ್ಚಿದರು. ಶಾಯಿಯಲ್ಲಿ ನೆನೆದ ಟೇಪು ಬಾಲದಂತೆ ನೇತಾಡಿತು. ಅದನ್ನು ಎರಡು ಬೆರಳಲ್ಲಿ ಹಿಡಿದು ಕೇಳಿದರು, "ಇದನ್ನ ಯಾವ ಪ್ಲಂಬರ್ ಹತ್ರ ಮಾಡಿಸಿದ್ರಿ?"

"ಮನೇಲೇ ಇದ್ದಾರಲ್ಲಪ್ಪಾ" ಅಂದಳು ಹೆಂಡತಿ ಅಡುಗೆಮನೆಯಿಂದ. ಒಗ್ಗರಣೆಗೆ ಸಾಸಿವೆ ಜಾಸ್ತಿಯೇ ಬಿದ್ದಿತ್ತು. ಚಟಪಟ ಸದ್ದಿನಲ್ಲಿ ಅವಳು ಇನ್ನೇನು ಹೇಳಿದಳೋ ನನಗೆ ಕೇಳಿಸಲಿಲ್ಲ.