ಮದುವೆಯಾದ ಮೇಲಿನ ಪುಟಗಳೆಲ್ಲಿ?

ಐತಿಹಾಸಿಕ ಪ್ರೇಮ ಕಾದಂಬರಿಗಳ ಬಗ್ಗೆ ನೀವು ಬರೆದದ್ದನ್ನು ಓದಿದೆ. ಬೇರೆ ಧರ್ಮ, ಬೇರೆ ಅಂತಸ್ತಿನವರ ಪ್ರೀತಿ ಹಿಂದಿನ ಕಾಲದಲ್ಲಿ ಸಾಧ್ಯವೇ ಇರಲಿಲ್ಲ, ಐತಿಹಾಸಿಕ ಕಾದಂಬರಿಕಾರರು ಸುಮ್ನೆ ಕಟ್ಟಿದ್ದು ಎಂದು ಬರೆದಿದ್ದೀರಿ. ಇದನ್ನು ಒಪ್ಪೋದು ಕಷ್ಟ. ಹೈದರಾಬಾದಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟ್ (ನಿಜಾಮನ ಆಸ್ಥಾನದಲ್ಲಿ ಕಂಪನಿಯ ಪ್ರತಿನಿಧಿ) ಆಗಿದ್ದ ಜೇಮ್ಸ್ ಕರ್ಕ್‌ಪ್ಯಾಟ್ರಿಕ್ ಅಲ್ಲಿನ ದೊಡ್ಡ ಮನೆತನದ ಖೈರುನ್ನಿಸಾಳನ್ನು ಮದುವೆಯಾಗಿದ್ದು ಕಟ್ಟುಕತೆಯಲ್ಲ. ಅದಕ್ಕಾಗಿ ಅವನ ಮೇಲೆ ವಿಚಾರಣೆಯೂ ನಡೆಯಿತು. 1805ರಲ್ಲಿ ಇಬ್ಬರು ಮಕ್ಕಳನ್ನು ಇಂಗ್ಲೆಂಡಿಗೆ ಕಳಿಸಿದರು, ಅದೇ ವರ್ಷ ಅವನು ಕಲ್ಕತ್ತಾದಲ್ಲಿ ತೀರಿಕೊಂಡ. ತಾಯಿ ಆ ಮಕ್ಕಳ ಮುಖ ಮತ್ತೆ ನೋಡಲೇ ಇಲ್ಲ.

ನಮ್ಮ ಕೊಡಗಿನ ರಾಜಕುಮಾರಿ ಗೌರಮ್ಮನನ್ನೇ ತಗೊಳ್ಳಿ. ಇಂಗ್ಲೆಂಡಿನಲ್ಲಿ ಬೆಳೆದ ಅವಳನ್ನು ಪಂಜಾಬಿನ ಮಹಾರಾಜನಾಗಿದ್ದ ದುಲೀಪ್ ಸಿಂಗ್‌ಗೆ ಕೊಡಬೇಕೆಂದು ವಿಕ್ಟೋರಿಯಾ ರಾಣಿಗೆ ಆಸೆ. ಇಬ್ಬರ ಮನೆತನವೂ ರಾಜ್ಯ ಕಳೆದುಕೊಂಡಿದ್ದು, ಹೇಳಿ ಮಾಡಿಸಿದ ಜೋಡಿ. ಆದರೆ 1860ರಲ್ಲಿ ಅವಳು ಮದುವೆಯಾಗಿದ್ದು ತನಗಿಂತ ವಯಸ್ಸಿನಲ್ಲಿ ತುಂಬಾ ದೊಡ್ಡವನಾದ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನನ್ನು. 1864ಕ್ಕೆ ಅವಳೇ ಇಲ್ಲ. ಅದು ಪ್ರೀತಿಯೋ, ಬೇರೆ ದಾರಿ ಕಾಣದೆಯೋ? ಕಾದಂಬರಿಗೆ ಇಂಥ ಪ್ರಶ್ನೆ ಬೇಕು ಅಲ್ವಾ?

ನನ್ನ ತಕರಾರು ಬೇರೆ. ಇಂಥ ಕಾದಂಬರಿಗಳು ಜಾಸ್ತಿ ಮದುವೆಗೇ ಮುಗಿದುಬಿಡುತ್ತವೆ. ಮಲ್ಲೇಶ್ವರದ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದ ಒಂದರ ಕೊನೆಯ ಪುಟದಲ್ಲಿ ಯಾರೋ ಪೆನ್ಸಿಲ್‌ನಲ್ಲಿ "ಸರಿ, ನಾಳೆಯಿಂದ ಯಾರ ಮನೆ ಅಡುಗೆ?" ಎಂದು ಗೀಚಿದ್ದರು. (ಯಾವುದೋ ಮನೆಯ ಸೊಸೆಯೇ ಇರಬೇಕು!) ಊಟ, ದೇವರು, ಆಸ್ತಿ, ಮಕ್ಕಳ ಹೆಸರು, ಜಗಳ ಶುರುವಾಗುವುದೇ ಅಲ್ಲಿ. ಕರ್ಕ್‌ಪ್ಯಾಟ್ರಿಕ್‌ನ ಮಗಳು ಇಲ್ಲಿ ಸಾಹಿಬ್ ಬೇಗಂ, ಇಂಗ್ಲೆಂಡಿನಲ್ಲಿ ಕ್ಯಾಥರೀನ್ ಅರೋರಾ. ಇದನ್ನೆಲ್ಲ ಬಿಟ್ಟು ಅರಮನೆ, ಬೆಳದಿಂಗಳು ಅಂತ ಪುಟಗಟ್ಟಲೆ ಬರೆದರೆ ನಾನಂತೂ ದುಡ್ಡು ಕೊಟ್ಟು ಕೊಳ್ಳುವುದಿಲ್ಲ.